ಶನಿವಾರದ ಗಣಿತ
ನಾನು ಸರ್ಕಾರಿ ಪ್ರೌಢಶಾಲೆಯ ಗಣಿತ ಮೇಷ್ಟ್ರು. ಹಿಂದೆ ಬಿದ್ದ ಮಕ್ಕಳಿಗೆ ನಮ್ಮಲ್ಲಿ ಪರಿಹಾರ ಬೋಧನೆ ಇದೆ. ಎಸ್ಸೆಸ್ಸೆಲ್ಸಿಯವರಿಗೆ ವಿಶೇಷ ತರಗತಿ ಇದೆ. ಆದರೆ ಕೊಟ್ಟ ಲೆಕ್ಕವನ್ನು ಐದೇ ನಿಮಿಷಕ್ಕೆ ಮುಗಿಸಿ ಕಿಟಕಿ ನೋಡುತ್ತಾ ಕೂರುವ ಮಗುವಿಗೆ ಏನೂ ಇರಲಿಲ್ಲ. ಅದು ನನ್ನನ್ನು ತುಂಬಾ ಕಾಡುತ್ತಿತ್ತು. ಅಂಥವರಿಗೇ ಒಂದು ಗಣಿತ ತರಗತಿ ಶುರುಮಾಡಬೇಕು ಎಂದುಕೊಂಡೆ.

ಹೊತ್ತು ಗೊತ್ತುಮಾಡಿದ್ದು ಬಸ್ಸು. ಶನಿವಾರ ಅರ್ಧ ದಿನ ಶಾಲೆ, ಮುಂದಿನ ಬಸ್ಸು 2 ಗಂಟೆಗೆ. ಮಕ್ಕಳು ಸುಮ್ನೆ ಕಾಯುತ್ತಿದ್ದ ಆ ಹೊತ್ತನ್ನೇ ಕೇಳಿಕೊಂಡೆ. ‘ಇದರಿಂದ ಏನು ಸಿಗುತ್ತೆ’ ಎಂದ ಪೋಷಕರಿಗೆ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನ ಪರೀಕ್ಷೆಯ ಬಗ್ಗೆ ಹೇಳಿದೆ. ಎಂಟನೇ ತರಗತಿಯಲ್ಲಿ ಬರೆದು ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಎಲ್ಲರೂ ಒಪ್ಪಿದರು.

ಮೊದಲ ವರ್ಷ ತಪ್ಪು ಮಾಡಿದೆ. ಅಂಕ ನೋಡಿ ಮಕ್ಕಳನ್ನು ಆರಿಸಿದೆ. ‘ಇದು ಯಾವ ಪಾಠ ಸರ್, ಎಷ್ಟು ಮಾರ್ಕ್ಸಿಗೆ?’ ಎಂದು ಕೇಳಿ ಕೇಳಿ ಒಬ್ಬೊಬ್ಬರಾಗಿ ಬಿಟ್ಟರು. ಮುಂದಿನ ವರ್ಷ ಎಲ್ಲರ ಮುಂದೆ ಒಂದು ಲೆಕ್ಕ ಇಟ್ಟೆ. ನಾಲ್ಕಂಕಿಯ ಸಂಖ್ಯೆ ತಗೊಳ್ಳಿ, ಎಲ್ಲ ಅಂಕಿಯೂ ಒಂದೇ ಆಗಿರಬಾರದು. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಬರೆಯಿರಿ, ತಿರುಗಿಸಿ ಕಳೆಯಿರಿ. ಬಂದದ್ದಕ್ಕೂ ಹಾಗೇ ಮಾಡಿ. 5243 ಆದರೆ 3087, 8352, ಆಮೇಲೆ 6174. ಅಲ್ಲೇ ನಿಲ್ಲುತ್ತದೆ. ಇದನ್ನು ಕಂಡುಹಿಡಿದ ಕಾಪ್ರೇಕರ್ ಮಹಾರಾಷ್ಟ್ರದ ದೇವಳಾಲಿಯ ಶಾಲಾ ಮೇಷ್ಟ್ರು ಎಂದಾಗ ಮಕ್ಕಳ ಕಣ್ಣು ಅರಳಿತು. ಗಂಟೆ ಹೊಡೆದ ಮೇಲೂ ಕಳೆಯುತ್ತಾ ಕೂತವರೇ ನನ್ನ ತಂಡವಾದರು. ಅದರಲ್ಲಿ 45 ಅಂಕದವರೂ ಇದ್ದರು.

ಆಮೇಲೆ ಗಣಿತ ಒಲಿಂಪಿಯಾಡಿನ ಮೊದಲ ಹಂತ ಐಒಕ್ಯೂಎಂನ ಹಳೇ ಪ್ರಶ್ನೆಗಳಿಗೆ ಕೈ ಹಾಕಿದೆವು. 3 ಗಂಟೆ, 30 ಪ್ರಶ್ನೆ. ಆಯ್ಕೆ ಕೊಡುವುದಿಲ್ಲ, ಉತ್ತರವನ್ನೇ ಬರೆಯಬೇಕು. ಮಕ್ಕಳು ಜಾಸ್ತಿ ಎಡವಿದ್ದು ಗಣಿತದಲ್ಲಲ್ಲ, ‘ಅಟ್ ಮೋಸ್ಟ್’ (ಹೆಚ್ಚೆಂದರೆ), ‘ಅಟ್ ಲೀಸ್ಟ್’ (ಕಡಿಮೆಯೆಂದರೆ) ಎಂಬಲ್ಲಿ. ಹಾಗಾಗಿ ಪ್ರತಿ ಪ್ರಶ್ನೆಯನ್ನೂ ಕನ್ನಡಕ್ಕೆ ತಂದು, ಇಂಗ್ಲಿಷನ್ನು ಪಕ್ಕದಲ್ಲೇ ಬರೆಯುತ್ತೇನೆ. ವಾರಕ್ಕೆ ಎರಡೇ ಲೆಕ್ಕ. ಅದಕ್ಕಿಂತ ಹೆಚ್ಚು ಬೇಡವೇ ಬೇಡ.

ಒಂದು ಸೋಮವಾರ ಪ್ರಾರ್ಥನೆಗೂ ಮುಂಚೆ ಒಬ್ಬ ಹುಡುಗಿ ನೋಟ್‌ಬುಕ್ಕಿನ ಕೊನೆಯ ಹಾಳೆ ತೋರಿಸಿದಳು. ‘ಮೂರಂಕಿಗೆ 495ರಲ್ಲಿ ನಿಲ್ಲುತ್ತೆ ಸರ್. ಎರಡಂಕಿಗೆ ನಿಲ್ಲೋದೇ ಇಲ್ಲ, ಸುತ್ತುತ್ತೆ.’ 09, 81, 63, 27, 45, ಮತ್ತೆ 09. ಸಂಖ್ಯೆಗಳನ್ನು ಚಕ್ರದ ಹಾಗೆ ಬರೆದು ಬಾಣ ಹಾಕಿದ್ದಳು. ಎಲ್ಲವೂ ಒಂಬತ್ತರ ಮಗ್ಗಿಯಲ್ಲೇ ಯಾಕೆ ಬರುತ್ತವೆ ಎಂಬುದು ಅವಳ ಪ್ರಶ್ನೆ. ಆ ಶನಿವಾರ ಬೋರ್ಡಿನ ಮುಂದೆ ನಿಂತು ಪಾಠ ಶುರುಮಾಡಿದ್ದು ಅವಳೇ.