ಹಳ್ಳದ ಹೂಳು, ಲ್ಯಾಬಿನ ಅಂಕಿ, ಎಲ್ಲರಿಗೂ ಸಿಗುವ ನಕ್ಷೆ: ನನ್ನ ಅನುಭವ

ಎಲ್ಲಿ ಯಾವ ಧಾತು ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸುವ ಭೂರಾಸಾಯನಿಕ ನಕ್ಷೆ ಕೈಗೆ ಬಂದರೆ ಎಲ್ಲರ ಕಣ್ಣೂ ಮೊದಲು ಕೆಂಪು ಬಣ್ಣದ ಜಾಗಕ್ಕೇ, ಅಂದರೆ ಧಾತು ಹೆಚ್ಚಿರುವ ಕಡೆಗೇ ಹೋಗುತ್ತದೆ. ನಾನು ಮೊದಲು ಕೇಳುವುದು ಅದರ ಹಿಂದಿನ ಪಟ್ಟಿಯನ್ನು. ಮಾದರಿ ಎಲ್ಲಿಂದ ತೆಗೆದರು, ಯಾವ ಜರಡಿ ಹಿಡಿದರು, ಯಾವ ಆಮ್ಲದಲ್ಲಿ ಕರಗಿಸಿದರು? ಇದು ಗೊತ್ತಿಲ್ಲದೆ ಆ ಕೆಂಪನ್ನು ನಂಬಿ ಅದಿರಿಗಾಗಿ ನೆಲ ಕೊರೆಯೋಕೆ ಹೋಗುವುದು ನನಗಂತೂ ಒಪ್ಪಿಗೆ ಇಲ್ಲ.

ನಾನು ಹೆಚ್ಚಾಗಿ ಸಣ್ಣ ಹಳ್ಳಗಳ ಹೂಳನ್ನೇ ತೆಗೆಯುತ್ತೇನೆ. ಮೇಲಿನ ಗುಡ್ಡಗಳ ಕಲ್ಲು ಸವೆದು, ಮಳೆಯಲ್ಲಿ ಕೊಚ್ಚಿಕೊಂಡು ಬಂದು ಅಲ್ಲಿ ನಿಂತಿರುತ್ತದೆ. ಒಂದೇ ಕಡೆ ಅಗೆಯದೆ ಹಳ್ಳದ ಉದ್ದಕ್ಕೂ ನಾಲ್ಕಾರು ಕಡೆಯಿಂದ ಸ್ವಲ್ಪ ಸ್ವಲ್ಪ ತೆಗೆದು ಬೆರೆಸುತ್ತೇನೆ. ದಡದಿಂದ ಕುಸಿದ ಮಣ್ಣು ಸೇರದ ಹಾಗೆ ನೋಡಿಕೊಳ್ಳಬೇಕು. ಉಂಗುರ, ಬಳೆ ತೆಗೆದಿಟ್ಟೇ ಹಳ್ಳಕ್ಕೆ ಇಳಿಯಬೇಕು. ಹಿತ್ತಾಳೆ ಜರಡಿಯೂ ಬೇಡ, ಅದರಿಂದ ತಾಮ್ರ, ಸತು ಸೇರಿಕೊಳ್ಳುತ್ತವೆ. ನೈಲಾನ್ ಬಲೆಯ 80 ಮೆಶ್ ಜರಡಿ, ಅಂದರೆ ಸುಮಾರು 0.18 ಮಿಲಿಮೀಟರ್ ಕಣ್ಣಿನದು, ನನಗೆ ಒಗ್ಗಿದೆ.

ಚಿನ್ನದ ವಿಷಯ ಬಂದಾಗ ಮಾತ್ರ ಇನ್ನೂ ಹುಷಾರು. 0.1 ಮಿಲಿಮೀಟರ್ ಅಗಲದ ಒಂದೇ ಒಂದು ದುಂಡನೆಯ ಚಿನ್ನದ ಕಣ ಸುಮಾರು 10 ಮೈಕ್ರೋಗ್ರಾಂ ತೂಗುತ್ತದೆ. ಅದು 30 ಗ್ರಾಂ ಮಾದರಿಯೊಳಗೆ ಸಿಕ್ಕಿಬಿದ್ದರೆ ಫಲಿತಾಂಶ 330 ಪಿಪಿಬಿ (ನೂರು ಕೋಟಿಯಲ್ಲಿ 330 ಭಾಗ) ದಾಟುತ್ತದೆ. ಅದೇ ಹೂಳಿನ ಇನ್ನೊಂದು 30 ಗ್ರಾಂನಲ್ಲಿ ಏನೂ ಇರದಿರಬಹುದು. ಅದಕ್ಕೇ ಜೋಡಿ ಮಾದರಿ, ಅಂದರೆ ಅದೇ ಹೂಳಿನ ಎರಡನೇ ಮಾದರಿ, ಕಳಿಸದೆ ನಾನು ಚಿನ್ನದ ಅಂಕಿಯನ್ನು ನಕ್ಷೆಗೆ ಹಾಕುವುದಿಲ್ಲ.

ಒಮ್ಮೆ ಅಕ್ಕಪಕ್ಕದ ಎರಡು ಪ್ರದೇಶಗಳ ಹಳೆಯ ದತ್ತಾಂಶವನ್ನು ಜೋಡಿಸಬೇಕಾಗಿತ್ತು. ಕ್ರೋಮಿಯಂ ನಕ್ಷೆ ತೆರೆದರೆ ನಡುವೆ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿತ್ತು. ಒಂದು ಕಡೆ ಪೂರ್ತಿ ನೀಲಿ, ಇನ್ನೊಂದು ಕಡೆ ಪೂರ್ತಿ ಕೆಂಪು. ಕೆಳಗಿನ ಬಂಡೆ ಮಾತ್ರ ಎರಡೂ ಕಡೆ ಒಂದೇ! ಹುಡುಕಿದಾಗ ಕಾರಣ ಸಿಕ್ಕಿತು. ಒಂದು ಲ್ಯಾಬ್ ಅಕ್ವಾ ರೀಜಿಯಾದಲ್ಲಿ (ನೈಟ್ರಿಕ್, ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣ) ಕರಗಿಸಿತ್ತು, ಇನ್ನೊಂದು ಲ್ಯಾಬ್ ಪುಡಿಯನ್ನು ಕರಗಿಸದೆ ಒತ್ತಿ ಬಿಲ್ಲೆ ಮಾಡಿ, ಎಕ್ಸ್‌ಕಿರಣ ಹಾಯಿಸಿ ಅಳೆಯುವ ಎಕ್ಸ್‌ಆರ್‌ಎಫ್‌ನಲ್ಲಿ ಅಳೆದಿತ್ತು. ಕ್ರೋಮಿಯಂ ಇರುವ ಕ್ರೋಮೈಟ್ ಅಕ್ವಾ ರೀಜಿಯಾಗೆ ಬಗ್ಗುವ ಖನಿಜವಲ್ಲ, ಅದರ ಬಹುಪಾಲು ಕರಗದೆ ಉಳಿದುಬಿಡುತ್ತದೆ. ಎರಡೂ ಲ್ಯಾಬ್‌ಗಳ ಕೆಲಸ ಸರಿಯಾಗಿಯೇ ಇತ್ತು, ಆದರೆ ಅವು ಅಳೆದದ್ದು ಬೇರೆ ಬೇರೆ. ಫೈಲಿನ ಕಾಲಂ ಹೆಸರಲ್ಲಿ ಬರೀ ‘ಕ್ರೋಮಿಯಂ’ ಅಂತಿತ್ತು, ವಿಧಾನದ ಸುಳಿವೇ ಇರಲಿಲ್ಲ. ಗಡಿಯ ಹತ್ತಿರದ, ಎತ್ತಿಟ್ಟಿದ್ದ ಪುಡಿಗಳನ್ನು ಎರಡೂ ವಿಧಾನದಲ್ಲಿ ಮತ್ತೆ ಅಳೆಸಿದ ಮೇಲೆಯೇ ಎರಡು ಪ್ರದೇಶಗಳನ್ನು ಹೋಲಿಸುವ ಧೈರ್ಯ ಬಂತು.

ಹೆಚ್ಚು ಅಂಕಿ ಕಂಡ ಕಡೆಯೆಲ್ಲ ಅದಿರಿರುವುದಿಲ್ಲ, ಅಲ್ವಾ? ಕೋಬಾಲ್ಟ್ ಜಾಸ್ತಿ ಬಂದರೆ ನಾನು ಮೊದಲು ಮ್ಯಾಂಗನೀಸ್ ನೋಡುತ್ತೇನೆ. ಕಲ್ಲಿನ ಮೇಲೆ ಕಟ್ಟುವ ಮ್ಯಾಂಗನೀಸ್‌ನ ಕಪ್ಪು ಲೇಪ ನೀರಿನಲ್ಲಿರುವ ಕೋಬಾಲ್ಟನ್ನು ಹೀರಿ ಕೂಡಿಡುತ್ತದೆ. ಎರಡೂ ಒಟ್ಟಿಗೇ ಏರುತ್ತಿದ್ದರೆ ಅದು ಸುಮ್ನೆ ಲೇಪದ ಆಟ ಇರಬಹುದು.

ಹಂಚುವಾಗ ನಾನು ಬರೀ ನಕ್ಷೆಯ ಚಿತ್ರ ಕೊಡುವುದಿಲ್ಲ. ಮೂಲ ಅಂಕಿಗಳ ಸಿಎಸ್‌ವಿ ಫೈಲ್ (ಯಾವ ಸ್ಪ್ರೆಡ್‌ಶೀಟ್‌ನಲ್ಲೂ ತೆರೆಯುವ ಸರಳ ಪಟ್ಟಿ) ಕೊಡುತ್ತೇನೆ. ಜೊತೆಗೆ ಅಕ್ಷಾಂಶ, ರೇಖಾಂಶ, ಅವು ಯಾವ ಡೇಟಮ್‌ನವು (ಸ್ಥಾನ ಅಳೆಯಲು ಆಧಾರವಾದ ಭೂಮಿಯ ಮಾದರಿ), ಜರಡಿಯ ಅಳತೆ, ಕರಗಿಸಿದ ವಿಧಾನ, ಪತ್ತೆ ಮಿತಿ (ಲ್ಯಾಬ್ ಗುರುತಿಸಬಲ್ಲ ಅತಿ ಕಡಿಮೆ ಪ್ರಮಾಣ) ಇರುತ್ತವೆ. ಜೋಡಿ ಮಾದರಿ, ಖಾಲಿ ಮಾದರಿ (ಹುಡುಕುವ ಧಾತು ಇಲ್ಲದ್ದು), ಪ್ರಮಾಣಿತ ಮಾದರಿ (ಸರಿಯಾದ ಅಂಕಿ ಮೊದಲೇ ಗೊತ್ತಿರುವುದು), ಇವುಗಳ ಫಲಿತಾಂಶವನ್ನೂ ಸೇರಿಸುತ್ತೇನೆ. ಲ್ಯಾಬ್ ‘0.5ಕ್ಕಿಂತ ಕಡಿಮೆ’ ಅಂದಿದ್ದರೆ ಅದನ್ನು ಸೊನ್ನೆ ಮಾಡುವುದಿಲ್ಲ, ಹಾಗೇ ಬಿಡುತ್ತೇನೆ. ಮಾದರಿ ಸಂಖ್ಯೆಯಲ್ಲಿ ‘3-12’ ತರಹದ್ದು ಬೇಡ, ಸ್ಪ್ರೆಡ್‌ಶೀಟ್ ಅದನ್ನು ತಾರೀಖು ಮಾಡಿಬಿಡುತ್ತದೆ.

ಉಳಿದ ಪುಡಿಯನ್ನು ಎಸೆಯಲೇಬೇಡಿ. ಅಮೆರಿಕದಲ್ಲಿ 1970ರ ದಶಕದಲ್ಲಿ ಯುರೇನಿಯಂ ಹುಡುಕಲು ದೇಶದ ಉದ್ದಗಲಕ್ಕೂ ಹಳ್ಳದ ಹೂಳು ತೆಗೆದಿದ್ದರು. ಎತ್ತಿಟ್ಟ ಆ ಮಾದರಿಗಳನ್ನೇ ಅಲ್ಲಿನ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಮುಂದೆ ಬೇರೆ ಧಾತುಗಳಿಗಾಗಿ ಮತ್ತೆ ಅಳೆದು, ಅಂಕಿಗಳನ್ನು ಎಲ್ಲರಿಗೂ ತೆರೆದಿಟ್ಟರು. ಅದಕ್ಕೇ ನಮ್ಮ ಫೈಲಿನಲ್ಲಿ ಇನ್ನೊಂದು ಕಾಲಂ ಇರುತ್ತದೆ: ಉಳಿದ ಪುಡಿ ಎಷ್ಟು ಗ್ರಾಂ, ಯಾವ ಪೆಟ್ಟಿಗೆಯಲ್ಲಿದೆ, ಬೇಕಾದವರು ಯಾರನ್ನು ಕೇಳಬೇಕು.