ಫಾರ್ಮ್ ಕಳಿಸಿದ ಮೇಲೆ ಬರುವ ಪುಟ

ಉಡುಪಿಯ ಒಂದು ಫಿಸಿಯೋಥೆರಪಿ ಸೆಂಟರಿನ ವೆಬ್‌ಸೈಟನ್ನು ನಾನು ನೋಡಿಕೊಳ್ಳುತ್ತೇನೆ. ಅವರು ಮನೆಗೂ ಹೋಗಿ ವ್ಯಾಯಾಮ ಮಾಡಿಸುತ್ತಾರೆ. ಕಾರ್ಕಳ, ಬ್ರಹ್ಮಾವರ, ಕುಂದಾಪುರದ ಕಡೆಯಿಂದ ಬರುವವರೆಲ್ಲ ಹೆಚ್ಚಾಗಿ ಯಾರೋ ಹೇಳಿ ಬಂದವರೇ. ಅದಕ್ಕೇ ಸೈಟಿನಲ್ಲಿ ಒಂದು ರೆಫರಲ್ ಫಾರ್ಮ್ ಇಟ್ಟಿದ್ದೆ, ಅಂದರೆ ಚಿಕಿತ್ಸೆ ಬೇಕಾದವರ ಬಗ್ಗೆ ಇನ್ನೊಬ್ಬರು ಬರೆದು ಕಳಿಸುವ ಫಾರ್ಮ್. ರೆಡಿಮೇಡ್ ಫಾರ್ಮ್, ಬಣ್ಣ ಮಾತ್ರ ನಮ್ಮದು.

ಒಂದು ದಿನ ರಿಸೆಪ್ಷನ್ನಿನ ಅಕ್ಕ ಫೋನ್ ಮಾಡಿದರು. "ಎಂತ ಫಾರ್ಮ್ ಮಾರಾಯ್ರೆ ಇದು? ನೋವು ಯಾರಿಗೆ, ಬರೆದದ್ದು ಯಾರು ಅಂತಲೇ ಗೊತ್ತಾಗುವುದಿಲ್ಲ." ಅವರು ಫಾರ್ಮಿನಲ್ಲಿದ್ದ ನಂಬರಿಗೆ ಫೋನ್ ಮಾಡಿ, "ನಿಮ್ಮ ಗಂಟು ನೋವು ಹೇಗುಂಟು?" ಎಂದು ಕೇಳಿದ್ದರು. ಫೋನ್ ಎತ್ತಿದ್ದು ಬೆಂಗಳೂರಿನಲ್ಲಿರುವ ಮಗ. ಗಂಟು ನೋವು ಊರಿನಲ್ಲಿರುವ ಅಮ್ಮನಿಗೆ.

ತಪ್ಪು ನನ್ನದೇ. 'ರೆಫರರ್' (ಹೇಳಿ ಕಳಿಸುವವರು), 'ರೆಫರ್ಡ್ ಪರ್ಸನ್' (ಚಿಕಿತ್ಸೆ ಬೇಕಾದವರು) ಎಂದು ಎರಡು ಖಾನೆ ಇದ್ದವು. ಅವಸರದಲ್ಲಿ ತುಂಬುವವರಿಗೆ ಎರಡೂ ಒಂದೇ ತರ ಕಾಣುತ್ತವೆ ಅಲ್ವಾ? ಅದನ್ನು ತೆಗೆದು 'ನೀವು ಯಾರು?', 'ಚಿಕಿತ್ಸೆ ಯಾರಿಗೆ ಬೇಕು?' ಎಂದು ಎರಡು ಭಾಗ ಮಾಡಿದೆ. ಮೂರನೆಯದಾಗಿ, 'ಮೊದಲು ಯಾರಿಗೆ ಫೋನ್ ಮಾಡಬೇಕು?' ಇಡೀ ಫಾರ್ಮಿನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ಪ್ರಶ್ನೆ ಇದು.

ವಿಳಾಸದಲ್ಲಿ 'ಫ್ಲಾಟ್ ನಂಬರ್' ಕಡ್ಡಾಯ ಇತ್ತು. ನಮ್ಮ ಹಳ್ಳಿ ಕಡೆ ಮನೆಗೆ ಹೆಸರಿರುತ್ತದೆ, ನಂಬರ್ ಯಾರಿಗೆ ನೆನಪಿರುತ್ತದೆ? 'ಮನೆ ಹೆಸರು' ಮತ್ತು 'ಹತ್ತಿರದ ಗುರುತು' ಎಂದು ಬದಲಾಯಿಸಿದೆ. ದೈವಸ್ಥಾನ, ಶಾಲೆ, ಹಾಲಿನ ಡೈರಿ ಹೀಗೆ ಬರೆಯುತ್ತಾರೆ. ಮನೆ ಹುಡುಕಲು ಇಷ್ಟು ಸಾಕು.

ಫೋನ್ ನಂಬರಿನದ್ದು ಇನ್ನೊಂದು ಕಥೆ. ಸರಿಯಾಗಿ 10 ಅಂಕಿ ಇದ್ದರೆ ಮಾತ್ರ ಒಪ್ಪಿಕೊಳ್ಳುವಂತೆ ಇಟ್ಟಿದ್ದೆ. ಆದರೆ ಕರಾವಳಿಯಲ್ಲಿ ಅಪ್ಪ ಅಮ್ಮನಿಗಾಗಿ ಫಾರ್ಮ್ ತುಂಬುವ ಮಕ್ಕಳು ಎಷ್ಟೋ ಮಂದಿ ಗಲ್ಫಿನಲ್ಲಿದ್ದಾರೆ. ದುಬೈ ನಂಬರಿಗೆ 971 ಆದ ಮೇಲೆ 9 ಅಂಕಿ, ಕುವೈತಿಗೆ 965 ಆದ ಮೇಲೆ 8. ಅವರಿಗೆಲ್ಲ 'ನಂಬರ್ ತಪ್ಪಾಗಿದೆ' ಎಂದು ಕೆಂಪು ಸಾಲು ಬರುತ್ತಿತ್ತು. ಈಗ ದೇಶದ ಕೋಡ್ ಬೇರೆ ಆರಿಸಬಹುದು. ಭಾರತ ಆರಿಸಿದರೆ ಮಾತ್ರ 10 ಅಂಕಿಯ ಲೆಕ್ಕ. ಅಂತರರಾಷ್ಟ್ರೀಯ ನಂಬರ್ ಕೋಡ್ ಸೇರಿ 15 ಅಂಕಿ ಮೀರುವುದಿಲ್ಲ, ಉಳಿದವರಿಗೆ ಅದೇ ಮಿತಿ.

ಫಾರ್ಮ್ ಸರಿಯಾಯಿತು. ಆದರೂ ಒಂದೇ ಹೆಸರು ಎರಡು ಮೂರು ಸಲ ಬರುವುದು ನಿಲ್ಲಲಿಲ್ಲ. ಕಳಿಸಿದ ಮೇಲೆ ಬಟನ್ನಿನ ಕೆಳಗೆ ಸಣ್ಣದಾಗಿ 'ಧನ್ಯವಾದ' ಎಂದು ಬರುತ್ತಿತ್ತು. ಮೊಬೈಲಿನಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಹೋಯಿತೋ ಇಲ್ಲವೋ ಎಂದು ಪುನಃ ಒತ್ತುತ್ತಿದ್ದರು. ಹಾಗಾಗಿ ಬೇರೆಯೇ ಪುಟಕ್ಕೆ ಕಳಿಸಲು ಕೂತೆ.

ಸೈಟ್ ಮಾಡಿದ್ದು ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ, ಫಾರ್ಮ್ ಅದಕ್ಕೆ ಜೋಡಿಸುವ ಕಾಂಟ್ಯಾಕ್ಟ್ ಫಾರ್ಮ್ 7 ಎಂಬ ಪ್ಲಗಿನ್ನಿನದ್ದು. ಇಲ್ಲಿ ನಾನು ಎಡವಿದ್ದನ್ನು ಹೇಳಲೇಬೇಕು. ಆ ಪ್ಲಗಿನ್ 'ಸಬ್ಮಿಟ್ ಆಯಿತು' ಎಂದು ಒಂದು ಸೂಚನೆ ಕೊಡುತ್ತದೆ, 'ಮೇಲ್ ಹೋಯಿತು' ಎಂದು ಇನ್ನೊಂದು. ನಾನು ಮೊದಲನೆಯದನ್ನು ಹಿಡಿದು, ಅದು ಬಂದ ಕೂಡಲೇ ಹೊಸ ಪುಟಕ್ಕೆ ಕಳಿಸುವ ಜಾವಾಸ್ಕ್ರಿಪ್ಟ್ ಕೋಡ್ ಬರೆದೆ. ಖಾನೆಯಲ್ಲಿ ತಪ್ಪಿದ್ದರೂ ಆ ಸೂಚನೆ ಬರುತ್ತದೆ. ಸೆಂಟರಿಗೆ ಮೇಲ್ ಹೋಗದೆಯೇ ಜನರಿಗೆ ಧನ್ಯವಾದದ ಪುಟ ಕಾಣಿಸಿತು! ಗೊತ್ತಾದ ಕೂಡಲೇ ಎರಡನೆಯದಕ್ಕೆ ಬದಲಾಯಿಸಿದೆ. ನೀವು ಮಾಡುವಾಗ ಬೇಕೆಂದೇ ತಪ್ಪು ನಂಬರ್ ಹಾಕಿ ಒಮ್ಮೆ ಒತ್ತಿ ನೋಡಿ.

ಹೊಸ ಪುಟದಲ್ಲಿ ಮುಂದೇನು ಎಂದು ನೇರವಾಗಿ ಬರೆದಿದ್ದೇನೆ. ಯಾವ ನಂಬರಿನಿಂದ ಫೋನ್ ಬರುತ್ತದೆ, ಎಷ್ಟು ಗಂಟೆಯೊಳಗೆ, ಯಾವ ರಿಪೋರ್ಟ್ ಹತ್ತಿರ ಇಟ್ಟುಕೊಳ್ಳಬೇಕು. ರಾತ್ರಿ ಕಳಿಸಿದವರಿಗೆ 'ನಾಳೆ ಬೆಳಿಗ್ಗೆ' ಎಂದು ತೋರಿಸುತ್ತದೆ. ದುಬೈಯ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ, ಹಾಗಾಗಿ 'ಭಾರತದ ಸಮಯ' ಎಂದೂ ಸೇರಿಸಿದೆ. ಮನೆಗೆ ಬರಬೇಕು ಎಂದವರಿಗೆ ಒಂದು ಪುಟ, ಸೆಂಟರಿಗೇ ಬರುವವರಿಗೆ ಇನ್ನೊಂದು. ಹೆಸರು, ನಂಬರ್ ಯಾವುದನ್ನೂ ಪುಟದ ಲಿಂಕಿನಲ್ಲಿ ಹಾಕಿಲ್ಲ. ಹಾಕಿದರೆ ಬ್ರೌಸರ್ ಹಿಸ್ಟರಿಯಲ್ಲಿ ಉಳಿದುಬಿಡುತ್ತದೆ. ಈ ಪುಟಗಳು ಗೂಗಲ್ ಹುಡುಕಾಟದಲ್ಲಿ ಬಾರದಂತೆ ನೋಇಂಡೆಕ್ಸ್ ಕೂಡ ಹಾಕಿದೆ.

ನನಗೆ ಜಾಸ್ತಿ ಚಿಂತೆ ಇದ್ದದ್ದು ಇನ್ನೊಂದು ವಿಷಯಕ್ಕೆ. ಇನ್ನೊಬ್ಬರ ನೋವಿನ ವಿಷಯ, ಅವರ ನಂಬರ್, ಅವರಿಗೇ ಗೊತ್ತಿಲ್ಲದೆ ನಮ್ಮ ಕೈಗೆ ಬರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಒಪ್ಪಿಗೆಯ ಬಗ್ಗೆ ಹೇಳುತ್ತದೆ, ಸರಿ. ಕಾಯ್ದೆ ಇಲ್ಲದಿದ್ದರೂ ಇದು ಕೇಳಬೇಕಾದ ಮಾತೇ. ಹಾಗಾಗಿ 'ಅವರಿಗೆ ಹೇಳಿದ್ದೀರಾ?' ಎಂದು ಕೇಳುತ್ತೇನೆ. 'ಇನ್ನೂ ಇಲ್ಲ' ಎಂದರೆ ಅವರ ನಂಬರಿನ ಖಾನೆ ತೆರೆಯುವುದೇ ಇಲ್ಲ. ಕಳಿಸಿದ ಮೇಲೆ ಮೂರನೆಯ ಪುಟ ಬರುತ್ತದೆ. ಅಲ್ಲೊಂದು ವಾಟ್ಸಾಪ್ ಬಟನ್. ಒತ್ತಿದರೆ ಮೆಸೇಜ್ ಬರೆದೇ ಇರುತ್ತದೆ, ಯಾರಿಗೆ ಎಂದು ಆರಿಸಿದರೆ ಆಯಿತು: "ನಿಮ್ಮ ನೋವಿನ ಬಗ್ಗೆ ಫಿಸಿಯೋ ಸೆಂಟರಿನವರ ಹತ್ತಿರ ವಿಚಾರಿಸಿದ್ದೇನೆ. ಅವರು ಫೋನ್ ಮಾಡಬಹುದಾ? ಬೇಡ ಅಂತಾದ್ರೆ ನನಗೆ ಹೇಳಿ."

ಮೊನ್ನೆ ಅಕ್ಕ ಹೇಳಿದರು, ಬ್ರಹ್ಮಾವರದ ಅಜ್ಜಿಯೊಬ್ಬರು ಫೋನ್ ಎತ್ತಿದವರೇ, "ಹಾಂ, ಮಗಳು ಹೇಳಿದ್ದಾಳೆ, ನಾಳೆ ಹತ್ತು ಗಂಟೆಗೆ ಬನ್ನಿ" ಎಂದರಂತೆ.