ಪೆಟ್ರೋಲ್ ಒಳಗೆ ಬಿಡದ ಟ್ಯಾಂಕ್: ನನ್ನ ಅನುಭವ

ಪೆಟ್ರೋಲ್ ಹಾಕುವಾಗ ನಾಜಲ್ ಪದೇ ಪದೇ ಟಕ್ ಅಂತ ಕಟ್ ಆಗುವ ಗಾಡಿಗಳು ನನ್ನ ಗ್ಯಾರೇಜಿಗೆ ಸೇಡಂ ರೋಡಿನ ಕಡೆಯಿಂದಲೇ ಜಾಸ್ತಿ ಬರುತ್ತವೆ. ದೊಡ್ಡ ಪಾರ್ಟ್ ಯಾವುದನ್ನೂ ಬದಲಿಸದೆ ಇದನ್ನು ಸರಿ ಮಾಡಬಹುದು ಅಂದಾಗ ಕಲಬುರಗಿಯ ನಮ್ಮ ಮೇಸ್ತ್ರಿಗಳು ನಂಬಲಿಲ್ಲ. ಈಗ ಅವರೇ ಗಾಡಿ ಕಳಿಸಿಕೊಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಅವರ ಬಾಯಿ ಮುಚ್ಚಿಸಿದ್ದು ಮಳಖೇಡದ ಕಡೆ ಓಡುವ ಒಂದು ಟ್ಯಾಕ್ಸಿ. ಪೆಟ್ರೋಲ್ ಗಾಡಿ, ಲಕ್ಷ ಕಿಲೋಮೀಟರ್ ದಾಟಿತ್ತು. ಅರ್ಧ ಲೀಟರ್ ಹೋದರೆ ಟಕ್. ಮತ್ತೆ ಒತ್ತಿದರೆ ಮತ್ತೆ ಟಕ್. 500 ರೂಪಾಯಿಯದು ಹಾಕಿಸಲು ಹತ್ತು ನಿಮಿಷ, ಹಿಂದೆ ನಿಂತವರ ಬೈಗುಳ ಬೇರೆ. "ಕಾಕಾ, ಪಂಪಿನವ್ರು ಗಾಡಿ ತಕರಾರ್ ಅಂತಾರ, ಗ್ಯಾರೇಜಿನವ್ರು ಪಂಪಿನ ತಕರಾರ್ ಅಂತಾರ. ನಾ ಯಾರ ಮಾತ್ ಕೇಳ್ಲಿ?" ಅಂದ ಹುಡುಗ.

ಅಷ್ಟರಲ್ಲಿ ಅವನ ದುಡ್ಡು ಸಾಕಷ್ಟು ಹೋಗಿತ್ತು. ಒಬ್ಬರು ಫಿಲ್ಲರ್ ನೆಕ್, ಅಂದರೆ ಪೆಟ್ರೋಲ್ ಸುರಿಯುವ ಬಾಯಿಯಿಂದ ಟ್ಯಾಂಕಿಗೆ ಹೋಗುವ ಕೊಳವೆ, ಬದಲಿಸಿ 2 ಸಾವಿರದ ಆಸುಪಾಸು ತೆಗೆದುಕೊಂಡಿದ್ದರು. ಇನ್ನೊಬ್ಬರು ಟ್ಯಾಂಕ್ ಇಳಿಸಿ ತೊಳೆದರು, ಅದಕ್ಕೆ 1,500 ಇರಬೇಕು. ಕೊನೆಗೆ ಕ್ಯಾನಿಸ್ಟರ್ (ಟ್ಯಾಂಕಿನ ಪೆಟ್ರೋಲ್ ಆವಿ ಹಿಡಿದಿಡುವ, ಇದ್ದಿಲು ತುಂಬಿದ ಡಬ್ಬಿ) ಹೋಗಿದೆ, 9-10 ಸಾವಿರ ಬೇಕು ಅಂದರಂತೆ. 2020ರಲ್ಲಿ ಬಿಎಸ್-6 ಹೊಗೆ ನಿಯಮ ಬಂದದ್ದೇ ಈ ರಗಳೆಗೆಲ್ಲ ಕಾರಣ ಅಂತ ಒಂದು ಭಾಷಣವೂ ಆಗಿತ್ತು. 2020ಕ್ಕಿಂತ ಎಷ್ಟೋ ಮೊದಲಿನ ಪೆಟ್ರೋಲ್ ಕಾರುಗಳಲ್ಲೂ ಕ್ಯಾನಿಸ್ಟರ್ ಇತ್ತು, ಅಲ್ವಾ?

ನಾಜಲ್ ತುದಿಯ ಸಣ್ಣ ತೂತಿಗೆ ಪೆಟ್ರೋಲ್ ತಾಗಿದರೆ ಕಟ್ ಆಗುತ್ತದೆ, ಅದು ನಿಮಗೆಲ್ಲ ಗೊತ್ತು. ಟ್ಯಾಂಕ್ ಖಾಲಿ ಇದ್ದಾಗಲೂ ಪೆಟ್ರೋಲ್ ಅಲ್ಲಿವರೆಗೆ ಉಕ್ಕಿ ಬರುತ್ತಿದೆ ಅಂದರೆ ಒಳಗಿನ ಗಾಳಿಗೆ ಹೊರಗೆ ಹೋಗಲು ದಾರಿ ಇಲ್ಲ. ಟ್ಯಾಂಕಿನಿಂದ ಕ್ಯಾನಿಸ್ಟರ್ ಮೂಲಕ ಹೊರಗೆ ಹೋಗುವ ಆ ದಾರಿಯನ್ನು ಮಾತ್ರ ನಾನು ಹುಡುಕುವುದು.

ಮೊದಲು ಬೇರೆ ಬೇರೆ ಪಂಪಿನಲ್ಲಿ ಹಾಕಿಸಿ ನೋಡಿದೆ. ನಿಧಾನಕ್ಕೆ ಬಿಟ್ಟರೂ, ನಾಜಲ್ ತಿರುಗಿಸಿ ಹಿಡಿದರೂ ಅದೇ ಕಥೆ. ಪಂಪಿನ ಮಾತು ಅಲ್ಲಿಗೆ ಮುಗಿಯಿತು. ಆಮೇಲೆ ಬಯಲಲ್ಲಿ ಗಾಡಿ ನಿಲ್ಲಿಸಿ, ಬ್ಯಾಟರಿ ಟರ್ಮಿನಲ್ ಬಿಚ್ಚಿ, ಕ್ಯಾನಿಸ್ಟರ್‌ಗೆ ಟ್ಯಾಂಕಿನಿಂದ ಬರುವ ಪೈಪ್ ತೆಗೆದೆ. ಕ್ಯಾನಿನಿಂದ ಪೆಟ್ರೋಲ್ ಸುರಿದರೆ ಗಟಗಟ ಒಳಗೆ ಹೋಯಿತು. ಪೈಪ್ ಹಾಕಿದೆ, ಗುಳುಗುಳು ಅಂತ ಮೇಲೆ ಬಂತು. ಈಗ ಕ್ಯಾನಿಸ್ಟರ್‌ನ ಆ ಕಡೆ, ಹೊರಗಾಳಿಗೆ ತೆರೆಯುವ ಪೈಪನ್ನು ಬಿಚ್ಚಿದೆ. ಮತ್ತೆ ಗಟಗಟ! ಅಂದರೆ 10 ಸಾವಿರದ ಡಬ್ಬಿ ಸರಿಯಾಗೇ ಇದೆ. ಕಟ್ಟಿಕೊಂಡಿರುವುದು ಅದರಾಚೆಯ ಗೇಣುದ್ದದ ಪೈಪು.

ಪೈಪಿನ ಬಾಯಿಗೆ ಟಾರ್ಚ್ ಹಿಡಿದೆ. ಬೂದು ಬಣ್ಣದ ಗಟ್ಟಿ ಬಿರಡೆ. ತಂತಿಯಿಂದ ಕೆದರಿದರೆ ಮಣ್ಣಿನ ಗೂಡು, ಒಳಗೆ ಒಣಗಿದ ಪುಟ್ಟ ಜೇಡಗಳು. ಮಣ್ಣಿನ ಗೂಡು ಕಟ್ಟುವ ಕಣಜ ಮರಿಗಳಿಗೆ ಅಂತ ತುಂಬಿಟ್ಟದ್ದು. ಮೇಲಿಂದ ಆ ರೋಡಿನ ಸಿಮೆಂಟ್ ಧೂಳು, ಮಳೆಗಾಲದ ಪಸೆ ಸೇರಿ ಕಲ್ಲಾಗಿತ್ತು. ಅದನ್ನು ತೆಗೆದು, ಪಕ್ಕದ ಫಿಲ್ಟರ್ ಬಿಚ್ಚಿ ಊದಿದೆ. ಕಂಪ್ರೆಸರ್ ಗಾಳಿಯನ್ನು ಟ್ಯಾಂಕ್ ಕಡೆಗಾಗಲಿ ಕ್ಯಾನಿಸ್ಟರ್ ಒಳಗಾಗಲಿ ಬಿಡಬೇಡಿ. ಒಳಗಿನ ಇದ್ದಿಲು ಪುಡಿಯಾಗಿ ಲೈನಿಗೆ ಸೇರಿದರೆ ಕೆಲಸ ಇಮ್ಮಡಿ. ನಾನು ತೆಗೆದುಕೊಂಡದ್ದು 600 ರೂಪಾಯಿ. ಅದೇ ಸಂಜೆ ಹುಡುಗ ಟ್ಯಾಂಕ್ ಫುಲ್ ಮಾಡಿಸಿ ಬಿಲ್ಲಿನ ಫೋಟೋ ಕಳಿಸಿದ. ಒಂದು ಸಲವೂ ನಡುವೆ ಕಟ್ ಆಗಿರಲಿಲ್ಲ.

ಎಲ್ಲ ಗಾಡಿಯಲ್ಲೂ ಕಣಜ ಸಿಗುವುದಿಲ್ಲ. ನಾಜಲ್ ಕಟ್ ಆದ ಮೇಲೂ "ರೌಂಡ್ ಫಿಗರ್ ಮಾಡ್ರಿ" ಅಂತ ಒತ್ತಿಸುವ ಅಭ್ಯಾಸ ನಮ್ಮ ಕಡೆ ಭಾಳ. ಹೆಚ್ಚಾದ ಪೆಟ್ರೋಲ್ ಕ್ಯಾನಿಸ್ಟರ್‌ಗೆ ಇಳಿದು ಇದ್ದಿಲು ನೆನೆಯುತ್ತದೆ, ಗಾಳಿಯ ದಾರಿ ಅಲ್ಲೇ ಕಟ್ಟಿಕೊಳ್ಳುತ್ತದೆ. ಅಂಥ ಡಬ್ಬಿ ತೂಗಿ ನೋಡಿದರೇ ಗೊತ್ತಾಗುತ್ತದೆ, ಕೈಗೆ ಭಾರ ಬರುತ್ತದೆ. ಪೂರ್ತಿ ಹಾಳಾಗಿದ್ದರೆ ಬದಲಿಸಲೇಬೇಕು. ಅರ್ಧ ನೆನೆದದ್ದನ್ನು ಉಳಿಸುವ ಉಪಾಯ ಒಂದಿದೆ, ಅದು ನನ್ನ ಹೊಟ್ಟೆಪಾಡು, ಇಲ್ಲಿ ಹೇಳುವುದಿಲ್ಲ.

ಮೇಸ್ತ್ರಿಗಳಿಗೆ ತೋರಿಸಲು ಗುಜರಿಯಿಂದ 300 ರೂಪಾಯಿಗೆ ಹಳೆ ಟ್ಯಾಂಕ್ ತಂದು ನೀರು ಸುರಿದೆ. ಗಾಳಿ ಹೊರಹೋಗುವ ಬ್ರೀದರ್ ಪೈಪಿಗೆ ಬಟ್ಟೆ ತುರುಕಿದರೆ ನೀರು ಮುಖಕ್ಕೇ ಚಿಮ್ಮುತ್ತಿತ್ತು, ಬಟ್ಟೆ ತೆಗೆದರೆ ಸದ್ದೇ ಇಲ್ಲ. ವಾದ ಮಾಡುತ್ತಿದ್ದವರು ತಾವೇ ಮಗ್ ಹಿಡಿದು ಸುರಿದು ನೋಡಿದರು.

ಕಣಜ ಮತ್ತೆ ಬರದಂತೆ ಪೈಪಿನ ಬಾಯಿಗೆ ಜಾಲರಿ ಕಟ್ಟುವುದು ನನ್ನದೇ ಪ್ರಯೋಗ. ಚಹಾ ಸೋಸುವ ಜಾಲರಿ ಕೆಲವೇ ವಾರಗಳಲ್ಲಿ ಧೂಳು ಹಿಡಿದು ಮುಚ್ಚಿಹೋಯಿತು. ಸೊಳ್ಳೆ ಪರದೆ ಹರಿದುಹೋಯಿತು. ಈಗಿನದು ಹಿತ್ತಾಳೆಯದು, ದೊಡ್ಡ ಕಣ್ಣಿನದು. ಎಷ್ಟು ದೊಡ್ಡದು ಅಂತ ನೀವೇ ಕಟ್ಟಿ ನೋಡಿ. ನನ್ನದು ಕಳೆದ ಮಳೆಗಾಲ ದಾಟಿದೆ.

ತೊಗರಿ ಸಾಗಿಸುವ ಡೀಸೆಲ್ ಪಿಕಪ್‌ಗಳ ವಿಷಯ ಬೇರೆ. ಡೀಸೆಲ್ ನೊರೆ ಏಳುತ್ತದೆ, ನೊರೆ ತಾಗಿದರೂ ನಾಜಲ್ ಕಟ್ ಆಗುತ್ತದೆ. ಅಂಥ ಗಾಡಿ ಬಂದರೆ ಸ್ಪ್ಯಾನರ್ ಮುಟ್ಟುವ ಮೊದಲು ಪಂಪಿಗೆ ಹೋಗಿ ಹಿಡಿಯನ್ನು ಅರ್ಧ ಮಾತ್ರ ಒತ್ತಿಸಿ ನೋಡುತ್ತೇನೆ. ಹಾಗೆ ತುಂಬಿತು ಅಂದರೆ ಗಾಡಿ ಸರಿ ಇದೆ ಅಂತ ಹೇಳಿ ಕಳಿಸುತ್ತೇನೆ, ದುಡ್ಡು ತೆಗೆದುಕೊಳ್ಳುವುದಿಲ್ಲ.